ಹತ್ತನೇ ಕ್ಲಾಸಿನ ಮಕ್ಕಳ ಬೆನ್ನಿಗೆ ಊರು ನಿಲ್ಲುವುದು ಹೇಗೆ?

ನಿಮ್ಮೂರಿನ ಸರ್ಕಾರಿ ಹೈಸ್ಕೂಲಿಗೆ ಏನಾದರೂ ಮಾಡಬೇಕು ಅಂತ ಮನಸ್ಸಿದ್ದರೆ, ಮೊದಲು ಹೆಡ್‌ಮಾಸ್ಟರ್ ಹತ್ತಿರ ಕೂತು ಹೋದ ವರ್ಷದ ಹಾಜರಿ ಪುಸ್ತಕ ನೋಡಿ. ಸುಣ್ಣ-ಬಣ್ಣ, ಕಮಾನು, ಸ್ಮಾರ್ಟ್ ಟಿವಿ ಎಲ್ಲ ಆಮೇಲೆ. ಯಾವ ತಿಂಗಳಲ್ಲಿ ಯಾವ ಮಕ್ಕಳು ಬಂದಿಲ್ಲ ಅಂತ ಕೇಳಿ. ರಾಯಚೂರು, ಯಾದಗಿರಿ ಕಡೆಯ ಊರಾದರೆ ಉತ್ತರ ಅಲ್ಲೇ ಕಾಣುತ್ತದೆ. ದಸರಾ ರಜೆ ಮುಗಿದ ಮೇಲೆ ಹತ್ತಿ ಬಿಡಿಸಲು ಹೋದ ಮಕ್ಕಳು, ಅದು ಮುಗಿಯುವಷ್ಟರಲ್ಲಿ ಮೆಣಸಿನಕಾಯಿ ಬಿಡಿಸಲು ಹೋದವರು. ಜನವರಿಯಲ್ಲಿ ವಾಪಸ್ ಬಂದು ಬೆಂಚಿನಲ್ಲಿ ಕೂತರೆ ಗಣಿತ ಅರ್ಧ ಮುಗಿದಿರುತ್ತದೆ. ಆ ಮಗು ಮಾರ್ಚ್‌ನಲ್ಲಿ ಪಾಸಾಗಲಿಲ್ಲ ಅಂತ ಮೇಷ್ಟ್ರನ್ನು ಬೈದು ಏನು ಉಪಯೋಗ ಹೇಳಿ.

ಇನ್ನೊಂದು ವಿಷಯ ಗೊತ್ತಿರಲಿ. ಶಿಕ್ಷಣ ಹಕ್ಕು ಕಾಯ್ದೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ. ಒಂಬತ್ತು, ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಬಹಳ ಮಕ್ಕಳು ಆ ವಯಸ್ಸು ದಾಟಿರುತ್ತಾರೆ. ಅವರು ಶಾಲೆ ಬಿಟ್ಟರೆ ಹಿಡಿದು ನಿಲ್ಲಿಸುವ ಕಾನೂನು ಸಡಿಲ. ಹಾಗಾಗಿ ಈ ಎರಡು ವರ್ಷ ಊರೇ ಹಿಡಿದುಕೊಳ್ಳಬೇಕು.

ಕೆಲಸ ಜೂನ್‌ನಲ್ಲೇ ಶುರುವಾಗಲಿ. ಹತ್ತನೇ ಕ್ಲಾಸಿನ ಮಕ್ಕಳ ಹೆಸರು ಓಣಿವಾರು ಬರೆದುಕೊಳ್ಳಿ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಊರಲ್ಲೇ ಇರುವ ಹಳೆಯ ವಿದ್ಯಾರ್ಥಿಗಳು, ಸ್ತ್ರೀಶಕ್ತಿ ಸಂಘದ ಅಕ್ಕಂದಿರು, ಒಬ್ಬೊಬ್ಬರಿಗೆ ಐದಾರು ಮಕ್ಕಳು. ಜಾಸ್ತಿ ಬೇಡ. ಮಗು ಶಾಲೆಗೆ ಬರಲಿಲ್ಲ ಅಂದರೆ ಕ್ಲಾಸ್ ಟೀಚರ್ ಮಧ್ಯಾಹ್ನದೊಳಗೆ ವಾಟ್ಸಾಪ್‌ನಲ್ಲಿ ಹೆಸರು ಹಾಕಬೇಕು, ಆ ಓಣಿಯವರು ಅದೇ ಸಂಜೆ ಮನೆಗೆ ಹೋಗಬೇಕು. ಅದೇ ಸಂಜೆ ಅನ್ನುವುದು ಮುಖ್ಯ. ಒಂದು ದಿನ ತಪ್ಪಿಸಿದ ಮಗುವನ್ನು ಕರೆತರುವುದು ಸುಲಭ, ಹದಿನೈದು ದಿನ ಹೊಲಕ್ಕೆ ಹೋಗಿ ಕೈಯಲ್ಲಿ ದುಡ್ಡು ನೋಡಿದ ಮಗುವನ್ನು ಕರೆತರುವುದು ಬಹಳ ಕಷ್ಟ. ಟೀಚರ್‌ಗಳು ಎಷ್ಟೋ ಜನ ತಾಲೂಕು ಕೇಂದ್ರದಿಂದ ಬಸ್ಸಿನಲ್ಲಿ ಬಂದು ಹೋಗುವವರು, ಸಂಜೆ ಊರು ಹೇಗಿರುತ್ತದೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ಆ ಹೊತ್ತು ನಮ್ಮದು.

ಮನೆಗೆ ಹೋದಾಗ ಉಪದೇಶ ಮಾಡಬೇಡಿ, ದಯವಿಟ್ಟು. ಹತ್ತಿ ಬಿಡಿಸಿದರೆ ಕೆಜಿ ಲೆಕ್ಕದಲ್ಲಿ ಕೂಲಿ, ಮನೆಯಲ್ಲಿ ಎಷ್ಟು ಕೈ ಇವೆಯೋ ಅಷ್ಟು ದುಡ್ಡು. ಸಾಲ ಇರುವ ಮನೆಯ ತಾಯಿಗೆ ಓದಿನ ಬೆಲೆ ಗೊತ್ತಿಲ್ಲ ಅಂತ ಅಲ್ಲ. ‘ಭಾನುವಾರ ಬೇಕಾದರೆ ಹೋಗಲಿ ಅಕ್ಕ, ಸೋಮವಾರದಿಂದ ಶನಿವಾರ ಶಾಲೆಗೆ ಕಳಿಸು’ ಅಂದರೆ ಒಪ್ಪುವ ಮನೆಗಳು ಇವೆ. ನಾನಾದರೆ ತಾಯಿಗಿಂತ ಮೊದಲು ಮಾತಾಡಿಸುವುದು ಕೂಲಿಯವರನ್ನು ಟಂಟಂನಲ್ಲಿ ತುಂಬಿಕೊಂಡು ಹೋಗುವ ಮೇಸ್ತ್ರಿಯನ್ನು, ಆಮೇಲೆ ಹೊಲದ ಮಾಲೀಕರನ್ನು. ಶಾಲೆ ಇರುವ ದಿನ ಹೈಸ್ಕೂಲ್ ಮಕ್ಕಳನ್ನು ಗಾಡಿ ಹತ್ತಿಸುವುದಿಲ್ಲ ಅಂತ ನಾಲ್ಕು ಜನ ಹಿರಿಯರ ಮುಂದೆ ಅವರಿಂದ ಮಾತು ತೆಗೆದುಕೊಳ್ಳಿ. ಆಗ ತಾಯಿಗೂ ‘ಪಕ್ಕದ ಮನೆಯವರ ಹುಡುಗ ದುಡಿಯುತ್ತಾನೆ, ನಮ್ಮವನು ಇಲ್ಲ’ ಅನ್ನುವ ಕಷ್ಟ ತಪ್ಪುತ್ತದೆ.

ತಂದೆ-ತಾಯಿ ಬೆಂಗಳೂರಿಗೋ ಬೇರೆಲ್ಲಿಗೋ ಗುಳೆ ಹೋಗುವವರಾದರೆ ಅದು ಬೇರೆ ಲೆಕ್ಕ. ಜೂನ್‌ನಲ್ಲೇ ಕೇಳಿಕೊಳ್ಳಿ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ ಹಾಸ್ಟೆಲ್‌ಗೆ ಅರ್ಜಿ ಹಾಕುವುದು ಶಾಲೆ ಶುರುವಾಗುವ ಹೊತ್ತಿಗೇ. ಅಜ್ಜಿ ಜೊತೆ ಉಳಿಯುವ ಮಗುವಾದರೆ ಪಕ್ಕದ ಮನೆಯವರಿಗೆ ಹೇಳಿ ಇಡಿ, ರಾತ್ರಿ ಊಟ ಆಯಿತಾ ಅಂತ ಕೇಳುವವರು ಒಬ್ಬರಿರಲಿ.

ಈಗ ಸಂಜೆಯ ಓದು. ಇದಕ್ಕೆ ಬೇಕಾಗಿರುವುದು ಒಂದು ಕೋಣೆ, ಬೆಳಕು, ಒಬ್ಬ ದೊಡ್ಡವರು, ಇಷ್ಟೇ. ಶಾಲೆಯ ಕೋಣೆ ಆಗಬಹುದು, ಗ್ರಾಮ ಪಂಚಾಯಿತಿ ಗ್ರಂಥಾಲಯ ಆಗಬಹುದು, ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ‘ಓದುವ ಬೆಳಕು’ ಅಂತ ಶುರುವಾದಾಗಿನಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಆರೂವರೆಯಿಂದ ಎಂಟೂವರೆ. ಕೂರುವವರು ಪಾಠ ಮಾಡಬೇಕಾಗಿಲ್ಲ, ಡಿಗ್ರಿ ಓದುವ ಹುಡುಗಿಯೋ ಹುಡುಗನೋ ತಮ್ಮ ಪುಸ್ತಕ ಇಟ್ಟುಕೊಂಡು ಸುಮ್ನೆ ಕೂತರೂ ಸಾಕು. ಮನೆಯಲ್ಲಿ ಟಿವಿ, ತಮ್ಮ-ತಂಗಿಯರ ಗಲಾಟೆ, ಒಂದೇ ಬಲ್ಬು ಇರುವ ಮಗುವಿಗೆ ಆ ಎರಡು ಗಂಟೆ ದೊಡ್ಡದು. ಊರಿಂದ ಹೊರಗೆ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ಏನು ಕೊಡಲಿ ಅಂತ ಕೇಳಿದರೆ ಒಂದು ಯುಪಿಎಸ್ ಕೇಳಿ, ಫೆಬ್ರವರಿ-ಮಾರ್ಚ್‌ನಲ್ಲಿ ಕರೆಂಟ್ ಹೋಗುವುದು ಎಲ್ಲರಿಗೂ ಗೊತ್ತಲ್ವಾ. ಉಳಿದ ದುಡ್ಡಿಗೆ ಚುರುಮುರಿ, ಶೇಂಗಾ. ಮಧ್ಯಾಹ್ನದ ಬಿಸಿಯೂಟದ ಮೇಲೆ ರಾತ್ರಿ ಎಂಟರ ತನಕ ಹಸಿದು ಕೂತ ಮಗುವಿಗೆ ಓದಿದ್ದು ತಲೆಗೆ ಹತ್ತುವುದಿಲ್ಲ. ಹೆಣ್ಣುಮಕ್ಕಳನ್ನು ಮನೆ ತನಕ ಬಿಟ್ಟು ಬರುವುದು ಯಾರು ಅನ್ನುವುದು ಮೊದಲ ದಿನವೇ ತೀರ್ಮಾನ ಆಗಬೇಕು, ಇಲ್ಲದಿದ್ದರೆ ಎರಡನೇ ವಾರದಿಂದ ಅವರು ಬರುವುದಿಲ್ಲ.

ಡಿಸೆಂಬರ್‌ನಿಂದ ಭಾನುವಾರ ಒಂದೊಂದು ಹಳೆಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ, ಪೂರ್ತಿ ಸಮಯ ಕೂರಿಸಿ ಬರೆಸಿ. ತಿದ್ದುವುದು ವಿಷಯದ ಟೀಚರ್‌ಗೆ ಬಿಡಿ. 2024ರಿಂದ ಪರೀಕ್ಷಾ ಕೋಣೆಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡುತ್ತಾರೆ. ಪಕ್ಕದವರನ್ನು ನೋಡಿ ಬರೆಯುವ ಕಾಲ ಹೋಯಿತು, ಕೈಯಲ್ಲಿ ಬರೆದು ರೂಢಿ ಇದ್ದವರಿಗೆ ಮಾತ್ರ ಸಮಯ ಸಾಲುತ್ತದೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಬಸ್ ಉಚಿತ. ಆದರೆ ಶಾಲೆ ಹೊತ್ತಿಗೆ ಬಸ್ಸೇ ಬರದಿದ್ದರೆ ಏನು ಮಾಡುವುದು? ಎಷ್ಟು ಮಕ್ಕಳು, ಯಾವ ಊರಿಂದ, ಎಷ್ಟು ಗಂಟೆಗೆ ಅಂತ ಸ್ಪಷ್ಟವಾಗಿ ಬರೆದು, ಹೆಡ್‌ಮಾಸ್ಟರ್ ಮತ್ತು ಪಂಚಾಯಿತಿ ಅಧ್ಯಕ್ಷರ ಸಹಿ ಹಾಕಿಸಿ ಡಿಪೋ ಮ್ಯಾನೇಜರ್ ಕೈಗೆ ಕೊಡಿ, ವಾರಕ್ಕೊಮ್ಮೆ ಹೋಗಿ ಕೇಳುತ್ತಿರಿ. ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಬಸ್ಸು, ಶೌಚಾಲಯದ ನೀರಿನ ಬಗ್ಗೆ ಮಾತಾಡಲಿ, ಪಿಡಿಒ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದರಾ ಅಂತ ನೀವು ನೋಡಿ. ನೀರಿಲ್ಲದ ಶೌಚಾಲಯದಿಂದಾಗಿ ತಿಂಗಳಿಗೆ ಮೂರು ದಿನ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ, ಯಾರಿಗೂ ಹೇಳುವುದಿಲ್ಲ.

ಇನ್ನು ಮದುವೆ. ‘ಮಾವನ ಊರಿಗೆ ಹೋಗಿದ್ದಾಳೆ’ ಅಂತ ವಾರಗಟ್ಟಲೆ ಹುಡುಗಿ ಬರಲಿಲ್ಲ ಅಂದರೆ ವಿಚಾರಿಸಿ. ಮೊದಲು ಅವಳಿಗೆ ಹತ್ತಿರದ ಟೀಚರ್ ಮತ್ತು ಓಣಿಯ ಹಿರಿಯ ಹೆಂಗಸು ಮನೆಗೆ ಹೋಗಲಿ. 18 ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ ಕಾನೂನಿನ ಪ್ರಕಾರ ಊರ್ಜಿತವೇ ಅಲ್ಲ ಅಂತ ಅಪ್ಪ-ಅಮ್ಮನಿಗೆ ತಿಳಿಸಿ ಹೇಳಿ. ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಬಂಧುಗಳು ಮುನಿಸಿಕೊಳ್ಳುತ್ತಾರೆ ಅಂತ ಹಿಂಜರಿಯಬೇಡಿ, ಇದರಲ್ಲಿ ರಾಜಿ ಬೇಡ.

ಕಾಗದಪತ್ರ ಬೇಗ ಮುಗಿಸಿಬಿಡಿ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಹತ್ತು ಮಕ್ಕಳ ದಾಖಲೆ ಒಟ್ಟಿಗೆ ತೆಗೆದುಕೊಂಡು ಒಬ್ಬರೇ ನಾಡಕಚೇರಿಗೆ ಹೋಗಿ ಬಂದರೆ ಹತ್ತು ಮನೆಯ ಕೂಲಿ ಉಳಿಯುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಇದ್ದರೆ ಒಂಬತ್ತನೇ ಕ್ಲಾಸಿನಲ್ಲೇ ಸರಿ ಮಾಡಿಸಿ. ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಬರೆಸಿ, ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಹತ್ತಿ ಹೊಲಕ್ಕೆ ಕಳಿಸದಿರಲು ತಾಯಿಗೆ ಅದು ದೊಡ್ಡ ಧೈರ್ಯ.

ರಿಸಲ್ಟ್ ದಿನ ಜಾಸ್ತಿ ಅಂಕ ಬಂದವರ ಮನೆಗೆ ಹಾರ ಹಿಡಿದು ಎಲ್ಲರೂ ಹೋಗುತ್ತಾರೆ. ಪಟ್ಟಿ ಇಟ್ಟುಕೊಂಡ ನೀವು ಫೇಲ್ ಆದ ಮಗುವಿನ ಮನೆಗೆ ಮೊದಲು ಹೋಗಿ, ಅದೇ ದಿನ, ಕತ್ತಲಾಗುವ ಮುಂಚೆ. ಆ ರಾತ್ರಿ ಮಗು ಒಂಟಿಯಾಗಿ ಇರಬಾರದು. ವರ್ಷ ಹಾಳಾಗಿಲ್ಲ, ಅದೇ ವರ್ಷ ಮತ್ತೆ ಬರೆಯುವ ಪರೀಕ್ಷೆ-2 ಇದೆ, ಹೋದ ವಿಷಯ ಮಾತ್ರ ಬರೆದರೆ ಸಾಕು ಅಂತ ಅಪ್ಪನ ಎದುರೇ ಹೇಳಿ. ಅರ್ಜಿಯ ಕೊನೆಯ ದಿನ ಬೇಗ ಬಂದುಬಿಡುತ್ತದೆ, ಮರುದಿನವೇ ಶಾಲೆಗೆ ಕರೆದುಕೊಂಡು ಹೋಗಿ ತುಂಬಿಸಿ. ಸಂಜೆ ಕೋಣೆಗೆ ಏಪ್ರಿಲ್‌ನಲ್ಲಿ ಬೀಗ ಹಾಕಬೇಡಿ. ಪರೀಕ್ಷೆ-2 ಮುಗಿಯುವ ತನಕ ತೆರೆದಿರಲಿ, ಬರುವವರು ನಾಲ್ಕೇ ಮಕ್ಕಳಾದರೂ.