ಮಿದುಳಿಗೆ ಕಾಯಿಲ್, ಸ್ಟೆಂಟ್: ಮಾತ್ರೆ ಡಬ್ಬಿಯಿಂದ ಶುರು ಮಾಡಿ

"ತಲೇಲಿ ನರ ಊದಿಕೊಂಡಿದೆಯಂತೆ" ಎಂದು ಆಸ್ಪತ್ರೆ ಕಾರಿಡಾರಿನಲ್ಲಿ ಫೋನಿಗೆ ಹೇಳುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಅದು ನರವಲ್ಲ, ರಕ್ತನಾಳ. ಗೋಡೆ ತೆಳುವಾದ ಕಡೆ ಹಳೆಯ ಸೈಕಲ್ ಟ್ಯೂಬಿನಂತೆ ಉಬ್ಬಿ ನಿಂತ ಗುಳ್ಳೆಯೇ ಅನ್ಯೂರಿಸಮ್. ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಇರುತ್ತದೆ, ಬಹುಪಾಲು ಒಡೆಯುವುದಿಲ್ಲ. ಸಿಡಿಲು ಬಡಿದಂತೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಗುಳ್ಳೆ ಒಡೆದಿರಬಹುದು; ಮೆಡಿಕಲ್ ಶಾಪಿನ ಗುಳಿಗೆ ನುಂಗಿ ಮಲಗಬೇಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಆಗಲೇ ಹೊರಡಿ.

ಹಂತ 1: ಗುಳ್ಳೆಗೆ ಚಿಕಿತ್ಸೆ ಬೇಕೆಂದರೆ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿ. ಬರೀ ಕಾಯಿಲ್ಲೋ, ಜೊತೆಗೆ ಸ್ಟೆಂಟ್ ಅಥವಾ ಫ್ಲೋ ಡೈವರ್ಟರ್ (ರಕ್ತ ಗುಳ್ಳೆಗೆ ನುಗ್ಗದಂತೆ ತಿರುಗಿಸುವ ಒತ್ತಾದ ಬಲೆ) ಕೂಡ ಇದೆಯೋ? ತೊಡೆಸಂದು ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಗುಳ್ಳೆಯೊಳಗೆ ಪ್ಲಾಟಿನಂ ಎಳೆ ಸುತ್ತಿ ತುಂಬುವುದು ಕಾಯಿಲಿಂಗ್. ಗುಲಿಯೆಲ್ಮಿ ಎಂಬ ವೈದ್ಯರು 1990ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಮ್ಮ ಕಾಯಿಲನ್ನು ಮೊದಲ ಸಲ ರೋಗಿಗೆ ಹಾಕಿದರು. ಒಡೆದ ಗುಳ್ಳೆಯ 2143 ರೋಗಿಗಳ ಅಧ್ಯಯನ 2002ರಲ್ಲಿ ಬಂತು. ವರ್ಷದೊಳಗೆ ಸತ್ತವರು ಇಲ್ಲವೇ ಪರಾವಲಂಬಿಯಾದವರು ಬುರುಡೆ ತೆರೆದು ಗುಳ್ಳೆಯ ಬುಡಕ್ಕೆ ಕ್ಲಿಪ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 31, ಕಾಯಿಲ್ ಹಾಕಿಸಿಕೊಂಡವರಲ್ಲಿ 24. ಹಾಗಂತ ಕ್ಲಿಪ್ ಹಳೇಕಾಲದ್ದು ಎನ್ನುವ ನೆಂಟರ ಮಾತಿಗೆ ಕಿವಿಗೊಡಬೇಡಿ. ಕೆಲವು ಗುಳ್ಳೆಗಳಿಗೆ ಅದೇ ಸರಿ.

ಹಂತ 2: ಮಾತ್ರೆ. ಎಲ್ಲರೂ ಎಡವುವುದು ಇಲ್ಲೇ. ಸ್ಟೆಂಟ್ ಎಂದರೆ ರಕ್ತನಾಳದೊಳಗೆ ಉಳಿಯುವ ಲೋಹದ ಬಲೆ. ಅದರ ಮೇಲೆ ಒಳಪದರ ಬೆಳೆದು ಮುಚ್ಚಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ರಕ್ತ ಅದಕ್ಕೆ ಅಂಟಿ ಹೆಪ್ಪುಗಟ್ಟಿದರೆ ಲಕ್ವ ಹೊಡೆಯುತ್ತದೆ. ಅದಕ್ಕೇ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಅದರಂಥ ಇನ್ನೊಂದು ಮಾತ್ರೆ. ಗುಳ್ಳೆ ಒಡೆದಿಲ್ಲದಿದ್ದರೆ ಕೆಲವು ದಿನ ಮೊದಲೇ ಶುರು ಮಾಡುತ್ತಾರೆ. ಕ್ಲೊಪಿಡೊಗ್ರೆಲ್ ಕೆಲವರ ಮೈಗೆ ಹತ್ತುವುದೇ ಇಲ್ಲ, "ಮಾತ್ರೆ ಕೆಲಸ ಮಾಡ್ತಿದೆಯಾ ಅಂತ ಪ್ಲೇಟ್‌ಲೆಟ್ ಪರೀಕ್ಷೆ ಬೇಕಾ ಸಾರ್?" ಎಂದು ಕೇಳುವುದರಲ್ಲಿ ನಾಚಿಕೆ ಬೇಡ.

ಈಗ ಮನೆಯಲ್ಲಿ ನಡೆಯುವ ಅವಾಂತರಗಳು. ತೋಳಿನ ಮೇಲೆ ನೀಲಿ ಕಲೆ ಕಂಡಿತೆಂದು ಎರಡು ದಿನ ಬಿಡುವುದು. ಹಲ್ಲು ಕೀಳಿಸಬೇಕೆಂದು ತಾವೇ ನಿಲ್ಲಿಸುವುದು. ಮದುವೆಗೆಂದು ಊರಿಗೆ ಹೋದಾಗ ಸ್ಟ್ರಿಪ್ ಖಾಲಿಯಾಗುವುದು. ಗ್ಯಾಸ್ ಆಯ್ತೆಂದು ಅಂಗಡಿಯವನು ಕೊಟ್ಟ ಒಮೆಪ್ರಜೋಲ್ ನುಂಗುವುದು: ಅದು ಕ್ಲೊಪಿಡೊಗ್ರೆಲ್‌ನ ಬಲ ತಗ್ಗಿಸುತ್ತದೆ, ಬೇರೆ ಗ್ಯಾಸ್ ಮಾತ್ರೆ ಬರೆಸಿಕೊಳ್ಳಿ. ಮಂಡಿನೋವಿಗೆ ಡೈಕ್ಲೊಫೆನಾಕ್ ತಗೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವಕ್ಕೆ ದಾರಿ. ಮಲ ಟಾರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಾತ್ರೆ ನಿಲ್ಲಿಸುವ ತೀರ್ಮಾನ ಮಾತ್ರ ಸ್ಟೆಂಟ್ ಹಾಕಿದ ಡಾಕ್ಟರದ್ದು.

ವಾರದ ಏಳು ಖಾನೆಯ ಅಗ್ಗದ ಪ್ಲಾಸ್ಟಿಕ್ ಡಬ್ಬಿ ಕೊಳ್ಳಬೇಡಿ. ಬ್ಯಾಗಿನಲ್ಲಿ ಮುಚ್ಚಳ ಬಿಚ್ಚಿಕೊಂಡು ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲ ಕಲಸುಮೇಲೋಗರ. ಹಳೆಯ ಬಿಸ್ಕತ್ ಡಬ್ಬಿ ಸಾಕು, ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ. ನುಂಗಿದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಎಳೆಯಿರಿ. ಹದಿನೈದು ದಿನದ ದಾಸ್ತಾನು ಯಾವಾಗಲೂ ಹೆಚ್ಚುವರಿ ಇರಲಿ.

ಹಂತ 3: ಉಪವಾಸ, ಸಹಿ, ಒಡವೆ ಬಿಚ್ಚುವುದು ನರ್ಸ್ ಹೇಳಿದಂತೆ. ಕಿಡ್ನಿ ತೊಂದರೆ, ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ, ಹಿಂದೆ ಸ್ಕ್ಯಾನಿನ ಔಷಧಕ್ಕೆ ಅಲರ್ಜಿ, ಇವನ್ನು ಕೇಳುವ ಮೊದಲೇ ಹೇಳಿ.

ಹಂತ 4: ತೊಡೆಸಂದಿನಿಂದ ಮಾಡಿದ್ದರೆ ಹೇಳಿದಷ್ಟು ಗಂಟೆ ಕಾಲು ನೆಟ್ಟಗಿರಲಿ. "ಪಾಪ, ಬೆನ್ನು ನೋಯುತ್ತೆ" ಎಂದು ದಿಂಬು ಕೊಟ್ಟು ಕೂರಿಸುವ ಅತ್ತೆಯರನ್ನು ಹೊರಗೆ ಕಳಿಸಿ. ಪಟ್ಟಿ ಬೆಚ್ಚಗೆ ಒದ್ದೆಯಾದರೆ ಆ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿದು ಸಿಸ್ಟರನ್ನು ಕೂಗಿ. ಆಯ್ಕೆ ಕೊಟ್ಟರೆ ನನ್ನ ಓಟು ಮಣಿಕಟ್ಟಿಗೆ.

ಒಡೆದ ಗುಳ್ಳೆಯಾಗಿದ್ದರೆ ಕಾಯಿಲ್ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ಒಡೆದ ನಾಲ್ಕನೇ ದಿನದಿಂದ ಹದಿನಾಲ್ಕರವರೆಗೆ ರಕ್ತನಾಳಗಳು ಸೆಟೆದು ಕಿರಿದಾಗುವ ಭಯ. ಅದರ ಹಾನಿ ತಗ್ಗಿಸಲು ನಿಮೊಡಿಪಿನ್ ಮಾತ್ರೆ ಸಾಮಾನ್ಯವಾಗಿ 21 ದಿನ, ನಾಲ್ಕು ಗಂಟೆಗೊಮ್ಮೆ, ನಡುರಾತ್ರಿಯೂ. ಮನೆಗೆ ಬಂದಮೇಲೂ ಉಳಿದಿದ್ದರೆ ಅಲಾರಂ ಇಡಿ.

ಹಂತ 5: ಒಳಗೆ ಹಾಕಿದ ಕಾಯಿಲ್, ಸ್ಟೆಂಟ್‌ಗಳ ಸ್ಟಿಕ್ಕರ್ ಫೈಲಿನಲ್ಲಿ ಅಂಟಿಸಿದ್ದಾರೆಯೇ ನೋಡಿ ಫೋಟೊ ತೆಗೆದಿಟ್ಟುಕೊಳ್ಳಿ. ಬಿಲ್ ತಾಳೆ ನೋಡಲೂ, ಮುಂದೆ ಎಂಆರ್‌ಐ ಮಾಡುವವರಿಗೆ ತೋರಿಸಲೂ ಅದೇ ಬೇಕು. ಬೀಡಿ, ಸಿಗರೇಟು ಆ ದಿನದಿಂದಲೇ ಬಂದ್. ಕಾಯಿಲ್ ಅದುಮಿಕೊಂಡು ಗುಳ್ಳೆ ಮತ್ತೆ ತುಂಬುವುದುಂಟು. ಮರುತಪಾಸಣೆಯ ಆಂಜಿಯೋಗ್ರಾಂ ಆರು ತಿಂಗಳ ಹೊತ್ತಿಗೆ ಬರಬಹುದು; ಅದರ ತಾರೀಖು ಬರೆಸಿಕೊಳ್ಳದೆ ಡಿಸ್ಚಾರ್ಜ್ ಕೌಂಟರ್ ಬಿಟ್ಟು ಕದಲಬೇಡಿ.