ಹುರಿದ ಹೇಜಲ್‌ನಟ್‌ಗೆ ಜೊತೆ ಹುಡುಕುವುದು: ನನ್ನ ಅನುಭವ

ಹೇಜಲ್‌ನಟ್‌ಗೆ ಯಾವುದು ಹೊಂದುತ್ತದೆ ಎಂದು ಕೇಳಿದರೆ ಹೆಚ್ಚಿನವರ ಬಾಯಿಗೆ ಮೊದಲು ಬರುವುದು ಚಾಕೊಲೇಟ್. ಅದರಲ್ಲಿ ತಪ್ಪಿಲ್ಲ. ಆದರೆ ಈ ಬೀಜವನ್ನು ಸಿಹಿಗೂ ಖಾರಕ್ಕೂ ಬಳಸುತ್ತಾ ಬಂದ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ. ಜೊತೆಗೆ ಏನಿರಬೇಕು ಎಂಬುದನ್ನು ಹುರಿಯುವ ಮೊದಲೇ ತೀರ್ಮಾನಿಸಬೇಕು. ಎಳೆ ಹದದಲ್ಲಿ ಇಳಿಸಿದ ಹೇಜಲ್‌ನಟ್ ಪೇರ್ ಹಣ್ಣಿನ ಜೊತೆ ಬಹಳ ಚೆನ್ನಾಗಿರುತ್ತದೆ. ಅದನ್ನೇ ಕಪ್ಪು ಚಾಕೊಲೇಟ್‌ಗೆ ಹಾಕಿದರೆ ಇದೆಯೆಂಬುದೇ ಗೊತ್ತಾಗುವುದಿಲ್ಲ. ಕೆಂಪಗೆ ಹುರಿದದ್ದು ಚಾಕೊಲೇಟ್‌ನ ಎದುರು ಗಟ್ಟಿಯಾಗಿ ನಿಲ್ಲುತ್ತದೆ, ಪೇರ್ ಹಣ್ಣಿನ ರುಚಿಯನ್ನು ಮಾತ್ರ ಪೂರಾ ನುಂಗಿಬಿಡುತ್ತದೆ.

ನಾನು ಹುರಿಯುವುದು ಓವನ್‌ನಲ್ಲಿ, 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಶಾಖ ಹೆಚ್ಚಿಸಿದರೆ ಬೇಗ ಆಗುತ್ತದೆ ನಿಜ, ಆದರೆ ಹೊರಗೆ ಕೆಂಪಾದರೂ ಒಳಗೆ ಹಸಿ ಉಳಿಯುತ್ತದೆ. ಟ್ರೇಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ನಡುನಡುವೆ ಅಲುಗಾಡಿಸುತ್ತೇನೆ. ಸುಮಾರು 10 ನಿಮಿಷಕ್ಕೆ ಘಮ ಏಳುತ್ತದೆ. ಅಲ್ಲಿಂದ ಮುಂದೆ ನಾನು ಓವನ್‌ನ ಮುಂದಿನಿಂದ ಕದಲುವುದಿಲ್ಲ. ಒಂದು ಬೀಜವನ್ನು ತೆಗೆದು ಚಾಕುವಿನಿಂದ ಎರಡು ಹೋಳು ಮಾಡಿ ನೋಡುತ್ತೇನೆ. ಹೊರಗಿನ ಸಿಪ್ಪೆ ಮೊದಲಿನಿಂದಲೂ ಕಂದು, ಅದರಿಂದ ಏನೂ ತಿಳಿಯದು. ಒಳಗಿನ ತಿರುಳು ಹಾಲುಬಣ್ಣದಿಂದ ತಿಳಿ ಹೊಂಬಣ್ಣಕ್ಕೆ ಬಂದಿದ್ದರೆ ಅದು ಎಳೆ ಹದ; ಮಧ್ಯದವರೆಗೂ ಜೇನಿನ ಬಣ್ಣಕ್ಕೆ ತಿರುಗಿದ್ದರೆ ಕೆಂಪು ಹದ. ಈ ಎರಡರ ನಡುವೆ ನಾಲ್ಕೈದು ನಿಮಿಷಗಳ ಅಂತರವಷ್ಟೇ. ಹೊರಗೆ ತೆಗೆದ ಮೇಲೂ ಟ್ರೇಯ ಕಾವಿನಲ್ಲಿ ಬೀಜ ಹುರಿಯುತ್ತಲೇ ಇರುತ್ತದೆ. ಹಾಗಾಗಿ ಬೇಕಾದ ಬಣ್ಣ ಬರಲು ಇನ್ನೂ ಸ್ವಲ್ಪ ಇರುವಾಗಲೇ ತೆಗೆದು ಬೇರೆ ಪಾತ್ರೆಗೆ ಸುರಿಯುತ್ತೇನೆ.

ಬಿಸಿ ಆರುವ ಮೊದಲೇ ದಪ್ಪ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ತನ್ನದೇ ಆವಿಯಲ್ಲಿ ಐದು ನಿಮಿಷ ಬಿಟ್ಟು, ಬಟ್ಟೆಯ ಮೇಲಿನಿಂದಲೇ ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ಚೂರುಚೂರಾಗಿ ಕಳಚುತ್ತದೆ. ಒಂದಿಷ್ಟು ಬೀಜಗಳ ಸಿಪ್ಪೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ, ಅವುಗಳ ಬೆನ್ನು ಹತ್ತಬೇಕಾಗಿಲ್ಲ. ಸಿಪ್ಪೆಯಲ್ಲಿ ಟ್ಯಾನಿನ್ ಇರುವುದರಿಂದ ಒಗರು, ಕಹಿ ಎರಡೂ ಅಲ್ಲಿಯೇ ಸೇರಿರುತ್ತವೆ. ಜೇನುತುಪ್ಪ, ಹಣ್ಣಿನ ಜಾಮ್‌ನಂತಹ ಬರೀ ಸಿಹಿಯ ಜೊತೆಗೆ ಆ ಒಗರು ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಕಪ್ಪು ಚಾಕೊಲೇಟ್, ಕಾಫಿ ಇವುಗಳಲ್ಲಿ ಕಹಿ ಆಗಲೇ ಇದೆ, ಅಲ್ಲಿಗೆ ಸಿಪ್ಪೆ ಪೂರ್ತಿ ಹೋಗಬೇಕು. ಹಾಗೆ ಪೂರ್ತಿ ಹೋಗಬೇಕಾದಾಗ ಹಸಿ ಬೀಜವನ್ನು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಮೂರು ನಿಮಿಷ ಕುದಿಸುತ್ತೇನೆ. ನೀರು ಕಪ್ಪಾಗುತ್ತದೆ, ತಣ್ಣೀರಿಗೆ ಹಾಕಿ ಒತ್ತಿದರೆ ಸಿಪ್ಪೆ ಜಾರಿ ಬರುತ್ತದೆ. ಆಮೇಲೆ ಚೆನ್ನಾಗಿ ಒಣಗಿಸಿ ಹುರಿಯಬೇಕು.

ಹುರಿದಾಗ ಏನಾಗುತ್ತದೆ ಎಂದು ತಿಳಿದ ಮೇಲೆ ಜೊತೆ ಆರಿಸುವುದು ನನಗೆ ಸುಲಭವಾಯಿತು. ಹೇಜಲ್‌ನಟ್‌ಗೆ ತನ್ನದೇ ಆದ ಪರಿಮಳ ಕೊಡುವುದು ಫಿಲ್ಬರ್ಟೋನ್ ಎಂಬ ಸಂಯುಕ್ತ. ಹಸಿ ಬೀಜದಲ್ಲಿ ಅದು ಅತ್ಯಲ್ಪ, ಹುರಿದಂತೆ ಹೆಚ್ಚುತ್ತದೆ. ಅದರ ಜೊತೆಗೆ, ಸಕ್ಕರೆ ಮತ್ತು ಅಮೈನೋ ಆಮ್ಲಗಳು ಶಾಖದಲ್ಲಿ ಕೂಡಿ ಕಂದು ಬಣ್ಣ ಬರುವಾಗ ಪೈರಜೀನ್ ಎಂಬ ಗುಂಪಿನ ಸಂಯುಕ್ತಗಳು ಹುಟ್ಟುತ್ತವೆ. ಹುರಿದ ಕಾಫಿ ಬೀಜದಲ್ಲಿ, ಹುರಿದ ಕೋಕೋದಲ್ಲಿ ಇರುವುದೂ ಇದೇ ಗುಂಪು. ಈ ಮೂರೂ ಒಂದೇ ಮನೆಯ ಮಕ್ಕಳಂತೆ ಕೂಡಿಕೊಳ್ಳುವುದಕ್ಕೆ ಇದು ದೊಡ್ಡ ಕಾರಣ. ಇನ್ನೊಂದು ಸಂಗತಿ ಕೊಬ್ಬು. ಹೇಜಲ್‌ನಟ್‌ನ ತೂಕದಲ್ಲಿ ಸುಮಾರು 60 ಪ್ರತಿಶತ ಕೊಬ್ಬೇ. ಆದ್ದರಿಂದ ಹೋಲುವ ರುಚಿಗಳನ್ನು ಎಷ್ಟೇ ಸೇರಿಸಿದರೂ, ಜಿಡ್ಡನ್ನು ಕಡಿಯುವ ಹುಳಿಯೋ ಉಪ್ಪೋ ಇಲ್ಲದಿದ್ದರೆ ನಾಲ್ಕು ತುತ್ತಿಗೆ ಸಾಕೆನಿಸುತ್ತದೆ.

ಚಾಕೊಲೇಟ್‌ನ ಜೊತೆಗೆ ಹೇಜಲ್‌ನಟ್ ಅರೆಯುವ ಪದ್ಧತಿ ಬೆಳೆದದ್ದು ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದಲ್ಲಿ. 19ನೇ ಶತಮಾನದ ಆರಂಭದಲ್ಲಿ ನೆಪೋಲಿಯನ್ನನ ವ್ಯಾಪಾರ ದಿಗ್ಬಂಧನದಿಂದ ಕೋಕೋ ಸಿಗುವುದು ಕಷ್ಟವಾದಾಗ, ಅಲ್ಲಿನವರು ಸುತ್ತಮುತ್ತ ಬೆಳೆಯುತ್ತಿದ್ದ ಹೇಜಲ್‌ನಟ್ ಸೇರಿಸಿ ಕೋಕೋವನ್ನು ಉಳಿತಾಯ ಮಾಡಿದರು ಎಂದು ಹೇಳುತ್ತಾರೆ. ಜಾಂಡೂಯಾ ಎಂಬ ಆ ಮಿಶ್ರಣವನ್ನು ನಾನು ಮನೆಯಲ್ಲಿ ಸಮ ತೂಕದಲ್ಲಿ ಮಾಡುತ್ತೇನೆ. ಕೆಂಪಗೆ ಹುರಿದ ಬೀಜ 100 ಗ್ರಾಂ ಇದ್ದರೆ ಕಪ್ಪು ಚಾಕೊಲೇಟ್ 100 ಗ್ರಾಂ, ಪುಡಿ ಸಕ್ಕರೆ ರುಚಿಗೆ ತಕ್ಕಷ್ಟು, ಒಂದು ಚಿಟಿಕೆ ಉಪ್ಪು. ಬೀಜ ಪೂರ್ತಿ ಆರಿದ ಮೇಲೆಯೇ ಮಿಕ್ಸಿಗೆ ಹಾಕುವುದು. ಮೊದಲು ಒಣ ಪುಡಿಯಾಗುತ್ತದೆ, ಆಮೇಲೆ ಜಾರಿನ ಗೋಡೆಗೆ ಮೆತ್ತಿಕೊಂಡು ನಿಲ್ಲುತ್ತದೆ. ಇಲ್ಲಿ ಬಹಳ ಜನ ಕೈಬಿಡುತ್ತಾರೆ, ಇಲ್ಲವೇ ನೀರು ಹಾಕುತ್ತಾರೆ. ಗೋಡೆಯಿಂದ ಕೆರೆದು ಕೆಳಗೆ ತಳ್ಳಿ, ಮಿಕ್ಸಿಗೆ ನಡುವೆ ವಿರಾಮ ಕೊಟ್ಟು ಮತ್ತೆ ತಿರುಗಿಸಿದರೆ ಬೀಜ ತಾನೇ ಎಣ್ಣೆ ಬಿಟ್ಟು ಹರಿಯುವ ಹದಕ್ಕೆ ಬರುತ್ತದೆ. ಒಂದು ಹನಿ ನೀರೂ ಬೇಡ. ನೀರು ತಾಗಿದರೆ ಅರೆದ ಬೀಜವೂ ಚಾಕೊಲೇಟೂ ಹೆಪ್ಪುಗಟ್ಟಿದಂತೆ ಗಂಟಾಗುತ್ತವೆ. ಅದಕ್ಕೇ ಕಾಫಿಯ ರುಚಿ ಬೇಕಾದಾಗ ಡಿಕಾಕ್ಷನ್ ಸುರಿಯದೆ, ತೀರ ನುಣ್ಣಗೆ ಬೀಸಿದ ಕಾಫಿ ಪುಡಿಯನ್ನೇ ಅರ್ಧ ಚಮಚ ಬೆರೆಸುತ್ತೇನೆ.

ಈ ಮಿಶ್ರಣದಲ್ಲಿ ಎಲ್ಲವೂ ಭಾರ, ಎಲ್ಲವೂ ಕಂದು. ಅದನ್ನು ಮೇಲೆತ್ತುವುದು ಕಿತ್ತಳೆ. ರಸ ಹಾಕಿದರೆ ನೀರಿನ ತೊಂದರೆ ಬರುವುದರಿಂದ ಹೊರ ಸಿಪ್ಪೆಯ ಬಣ್ಣದ ಭಾಗವನ್ನಷ್ಟೇ ತುರಿದು ಹಾಕುತ್ತೇನೆ. ಒಳಗಿನ ಬಿಳಿ ಕಹಿ. ವೆನಿಲಾ ಮಾತ್ರ ನಾನು ಬಳಸುವುದಿಲ್ಲ. ಅದು ಎಲ್ಲವನ್ನೂ ಒಂದೇ ಬಗೆಯ ಬೇಕರಿ ಪರಿಮಳವನ್ನಾಗಿ ಮಾಡಿಬಿಡುತ್ತದೆ, ಹೇಜಲ್‌ನಟ್‌ಗೆ ಅದರ ಆಸರೆ ಬೇಕಿಲ್ಲ.

ಹಣ್ಣುಗಳ ಕಡೆಗೆ ಬಂದರೆ ಎಳೆ ಹದವೇ ಸರಿ. ಪೇರ್, ಸೇಬು, ಅಂಜೂರಗಳ ಮೇಲೆ ತರಿತರಿಯಾಗಿ ಕುಟ್ಟಿ ಉದುರಿಸಿದರೆ ಸಾಕು. ರಾಸ್ಪ್‌ಬೆರಿ ಹುಳಿಯಾದ್ದರಿಂದ ಸ್ವಲ್ಪ ಹೆಚ್ಚು ಹುರಿದದ್ದನ್ನೂ ತಡೆದುಕೊಳ್ಳುತ್ತದೆ.

ನನಗೆ ನಿಜವಾದ ಖುಷಿ ಸಿಕ್ಕಿದ್ದು ಸಿಹಿಯಿಂದ ಹೊರಬಂದ ಮೇಲೆ. ಈಜಿಪ್ಟ್‌ನ ದುಕ್ಕಾ ಎಂಬ ಪುಡಿಯಲ್ಲಿ ಹೇಜಲ್‌ನಟ್ ಜೊತೆಗೆ ಎಳ್ಳು, ಕೊತ್ತಂಬರಿ ಬೀಜ, ಜೀರಿಗೆ, ಉಪ್ಪು ಇರುತ್ತವೆ. ಬ್ರೆಡ್ಡನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ಅದರಲ್ಲಿ ಒತ್ತಿ ತಿನ್ನುತ್ತಾರೆ. ನಾನು ಇವನ್ನು ಒಟ್ಟಿಗೆ ಹುರಿಯುವುದಿಲ್ಲ, ಏಕೆಂದರೆ ಹೇಜಲ್‌ನಟ್ ಹದಕ್ಕೆ ಬರುವ ಹೊತ್ತಿಗೆ ಜೀರಿಗೆ ಸೀದಿರುತ್ತದೆ. ಕುಟ್ಟುವುದೂ ಬೇರೆ ಬೇರೆ. ಮಸಾಲೆ ನುಣ್ಣಗೆ, ಬೀಜ ತರಿ. ಬೀಜವನ್ನು ಹೆಚ್ಚು ಕುಟ್ಟಿದರೆ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತದೆ. ಕೊತ್ತಂಬರಿ ಬೀಜದಲ್ಲಿ ನಿಂಬೆಯ ಛಾಯೆ ಇರುವುದರಿಂದ ಹುಳಿಯನ್ನು ಬೇರೆಯಾಗಿ ಹಾಕದೆಯೂ ಜಿಡ್ಡು ಹಗುರವಾಗುತ್ತದೆ.

ಸ್ಪೇನ್‌ನ ಕ್ಯಾಟಲೋನಿಯಾದ ರೊಮೆಸ್ಕೊ ಸಾಸ್ ನನ್ನ ಕೈಗೆ ಚೆನ್ನಾಗಿ ಒಗ್ಗಿದ ಇನ್ನೊಂದು. ಬಾದಾಮಿ ಅಥವಾ ಹೇಜಲ್‌ನಟ್, ಅನೇಕ ವೇಳೆ ಎರಡನ್ನೂ, ಒಣಗಿದ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಟೊಮೆಟೊ, ಆಲಿವ್ ಎಣ್ಣೆ, ವಿನೆಗರ್ ಜೊತೆ ಅರೆಯುತ್ತಾರೆ. ಇದರಲ್ಲಿ ಹೇಜಲ್‌ನಟ್‌ನ ಪಾಲು ಹೆಚ್ಚಿದಷ್ಟೂ ನನಗೆ ಇಷ್ಟ. ವಿನೆಗರ್ ಅನ್ನು ಕೊನೆಗೆ, ರುಚಿ ನೋಡುತ್ತಾ ಹಾಕುತ್ತೇನೆ. ಮೊದಲು ಸಾಸ್ ಮಂದವಾಗಿ, ಮಂಕಾಗಿ ಇರುತ್ತದೆ. ಎರಡನೆಯ ಚಮಚಕ್ಕೆ ಮೆಣಸಿನಕಾಯಿಯೂ ಹುರಿದ ಬೀಜವೂ ಬೇರೆ ಬೇರೆಯಾಗಿ ನಾಲಿಗೆಗೆ ತಿಳಿಯತೊಡಗುತ್ತವೆ. ಆಗ ನಿಲ್ಲಿಸಬೇಕು.

ತರಕಾರಿಗಳಲ್ಲಿ ಬೀಟ್‌ರೂಟ್, ಹೂಕೋಸು, ಸಿಹಿಗುಂಬಳ, ಬೀನ್ಸ್ ನಾಲ್ಕೂ ಹೊಂದುತ್ತವೆ. ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕಾಯಿಸುತ್ತಾ ಹೋದರೆ ಅದರಲ್ಲಿನ ಹಾಲಿನ ಅಂಶ ತಳಕ್ಕೆ ಇಳಿದು ಕಂದಾಗುತ್ತದೆ, ಪರಿಮಳ ಹೇಜಲ್‌ನಟ್‌ನ ಹತ್ತಿರಕ್ಕೇ ಬರುತ್ತದೆ. ಆ ಬೆಣ್ಣೆಗೆ ಕುಟ್ಟಿದ ಬೀಜ, ನಾಲ್ಕು ಎಲೆ ಸೇಜ್ ಅಥವಾ ಒಂದು ಕಡ್ಡಿ ರೋಸ್‌ಮೇರಿ ಹಾಕಿ, ಒಲೆ ಆರಿಸಿ ನಿಂಬೆ ಹಿಂಡಿ ಬೆಂದ ಹೂಕೋಸಿನ ಮೇಲೆ ಸುರಿಯುತ್ತೇನೆ. ನಿಂಬೆ ಬಿಟ್ಟರೆ ಈ ಪದಾರ್ಥ ಬರೀ ಜಿಡ್ಡು. ಬೀಟ್‌ರೂಟ್‌ಗೆ ಮೇಕೆ ಹಾಲಿನ ಚೀಸ್ ಕೂಡ ಸೇರಬೇಕು. ಆ ಚೀಸ್‌ನ ಹುಳಿ ಮತ್ತು ಉಪ್ಪು ಎರಡೂ ಕೆಲಸಕ್ಕೆ ಬರುತ್ತವೆ. ಕೆಂಪಗೆ ಹುರಿದು ಸಿಪ್ಪೆ ಅರ್ಧ ಉಳಿಸಿಕೊಂಡ ಬೀಜ ಇಲ್ಲಿ ಒಪ್ಪುತ್ತದೆ, ಬೀಟ್‌ರೂಟ್‌ನ ಸಿಹಿಗೆ ಒಗರು ತಡೆ ಒಡ್ಡುತ್ತದೆ.

ಲವಂಗವನ್ನು ನಾನು ಹತ್ತಿರ ಸೇರಿಸುವುದಿಲ್ಲ, ಅದರ ಮುಂದೆ ಫಿಲ್ಬರ್ಟೋನ್ ಪರಿಮಳ ಉಳಿಯುವುದೇ ಇಲ್ಲ. ಏಲಕ್ಕಿ ಒಂದು ಕಾಳಿನಷ್ಟು ಸರಿ. ದಾಲ್ಚಿನ್ನಿ ಸೇಬಿನ ಜೊತೆಗಿದ್ದಾಗ ಮಾತ್ರ.

ಹುರಿದ ಬೀಜವನ್ನು ಹೆಚ್ಚು ದಿನ ಹೊರಗೆ ಇಟ್ಟರೆ ಕಮಟು ವಾಸನೆ ಬರುತ್ತದೆ, ಕುಟ್ಟಿದ್ದಾದರೆ ಇನ್ನೂ ಬೇಗ. ಆದ್ದರಿಂದ ಹಸಿ ಬೀಜವನ್ನೇ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ನಲ್ಲಿಟ್ಟು, ಅಡುಗೆಯ ದಿನ ಬೇಕಾದಷ್ಟನ್ನು ಬೇಕಾದ ಹದಕ್ಕೆ ಹುರಿಯುತ್ತೇನೆ. ಮೊದಲೇ ಹುರಿದದ್ದು ಉಳಿದಿದ್ದರೆ ಅದನ್ನೂ ಫ್ರೀಜರ್‌ನಲ್ಲಿಟ್ಟು, ಬಳಸುವ ಮುನ್ನ 120 ಡಿಗ್ರಿಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿಕೊಂಡರೆ ಘಮ ಮರಳುತ್ತದೆ.