ನೀರೊಳಗಿನ ವಿಡಿಯೋಗೆ ಬಣ್ಣ ತರಲು ಯಾವ ಸಾಫ್ಟ್‌ವೇರ್? ಕಡಿಮೆ ದುಡ್ಡಿನವರಿಗೆ

ಗಂಗಾವತಿಯಲ್ಲಿ ನನ್ನದು ಮದುವೆ ವಿಡಿಯೋ ಕೆಲಸ. ಕೆಂಪು ಶಾಮಿಯಾನದ ಕೆಳಗೆ ಸುರಗಿ ಶಾಸ್ತ್ರ ಶೂಟ್ ಮಾಡಿದರೆ ಎಲ್ಲರ ಮುಖವೂ ಟೊಮ್ಯಾಟೊ. ಆ ಕೆಂಪು ತೆಗೆಯುವುದೇ ನನ್ನ ಹೊಟ್ಟೆಪಾಡು. ಹೋದ ಜನವರಿಯಲ್ಲಿ ಗೆಳೆಯರ ಜೊತೆ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಇಳಿದೆ. ಬಾಡಿಗೆ ಆಕ್ಷನ್ ಕ್ಯಾಮೆರಾ ಕೈಯಲ್ಲಿತ್ತು. ಊರಿಗೆ ಬಂದು ಹಾಕಿ ನೋಡಿದರೆ ಸಮಸ್ಯೆ ಪೂರ್ತಿ ಉಲ್ಟಾ. ಕೆಂಪು ಹುಡುಕಿದರೂ ಇಲ್ಲ. ಗೆಳೆಯನ ಕೆಂಪು ಚಡ್ಡಿ ಬೂದಿ ಬಣ್ಣ ಆಗಿತ್ತು. ಅವನ ಮುಖ ನೋಡಿದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು ಅನ್ನಿಸುತ್ತಿತ್ತು.

ಇದು ಕ್ಯಾಮೆರಾದ ತಪ್ಪಲ್ಲ. ನೀರು ಮೊದಲು ಕೆಂಪನ್ನೇ ನುಂಗುತ್ತದೆ. ಐದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಹೆಚ್ಚುಕಮ್ಮಿ ಹೋಗಿರುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಆಳ ಮಾತ್ರ ಅಲ್ಲ, ಕ್ಯಾಮೆರಾದಿಂದ ಮೀನಿನವರೆಗಿನ ದೂರವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಎರಡಡಿ ಹತ್ತಿರ ಹೋಗಿ ತೆಗೆದ ಶಾಟ್ ಯಾವಾಗಲೂ ಬೇಗ ರಿಪೇರಿ ಆಗುತ್ತದೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. 'ಒಂದೇ ಕ್ಲಿಕ್‌ನಲ್ಲಿ ನೀರೊಳಗಿನ ಬಣ್ಣ' ಅಂತ ಜಾಹೀರಾತು ನೋಡಿ ಒಂದು ಸಾಫ್ಟ್‌ವೇರ್‌ಗೆ 1,800 ರೂಪಾಯಿ ಕೊಟ್ಟೆ. ಮೇಲಿನ ಎರಡು ಮೀಟರ್ ಶಾಟ್ ಚೆನ್ನಾಗಿ ಬಂತು. ಕೆಳಗಿಳಿದ ಶಾಟ್ ಎಲ್ಲ ಗುಲಾಬಿ ಬೊಂಬಾಯಿ ಮಿಠಾಯಿ. ಅದಕ್ಕೂ ಮುಂಚೆ ಪೆನ್‌ಡ್ರೈವ್‌ನಲ್ಲಿ ಯಾರೋ ಕೊಟ್ಟ ಕ್ರ್ಯಾಕ್ ಕಾಪಿ (ಕಳ್ಳ ಕಾಪಿ) ಹಾಕಿ ವೈರಸ್ ತಗಲಿಸಿಕೊಂಡಿದ್ದೆ, ಒಂದು ಮದುವೆಯ ಫೈಲ್ ಪೂರ್ತಿ ಹೋಯಿತು. ಆ ಮನೆಯವರ ಮುಂದೆ ನಿಂತಿದ್ದು ಇವತ್ತಿಗೂ ನೆನಪಿದೆ. ಪುಕ್ಕಟೆಯಾಗಿಯೇ ಒಳ್ಳೆಯದು ಸಿಗುವಾಗ ಕ್ರ್ಯಾಕ್ ಯಾಕೆ ಬೇಕು, ಅಲ್ವಾ?

ಆಮೇಲೆ ಬುದ್ಧಿ ಬಂತು. ಸಾಫ್ಟ್‌ವೇರ್‌ಗಳ ಫೀಚರ್ ಪಟ್ಟಿ ಓದುವುದು ಬಿಟ್ಟೆ. ಒಂದೇ ಇಪ್ಪತ್ತು ಸೆಕೆಂಡಿನ ಕ್ಲಿಪ್ ಇಟ್ಟುಕೊಂಡೆ. ಅದರಲ್ಲಿ ಗೆಳೆಯನ ಕೈ, ಕಾಲಿಗೆ ಹಾಕುವ ಬಿಳಿ ಫಿನ್ಸ್, ಕೆಳಗೆ ಬಂಡೆ ಮೂರೂ ಇವೆ. ಎಲ್ಲ ಸಾಫ್ಟ್‌ವೇರ್‌ಗೂ ಅದೇ ಕ್ಲಿಪ್ ಹಾಕಿ ಪರೀಕ್ಷೆ ಮಾಡಿದೆ. ನೀವೂ ಹೀಗೇ ಮಾಡಿ. ಆ ಕ್ಲಿಪ್‌ನಲ್ಲಿ ಒಂದು ಬಿಳಿ ವಸ್ತು, ಒಂದು ಮನುಷ್ಯನ ಚರ್ಮ ಇರಲೇಬೇಕು.

ನೋಡಬೇಕಾದ ಮೊದಲನೆಯದು ಆರ್‌ಜಿಬಿ ಪರೇಡ್. ಕೆಂಪು, ಹಸಿರು, ನೀಲಿ ಮೂರನ್ನೂ ಪಕ್ಕಪಕ್ಕದಲ್ಲಿ ಗ್ರಾಫ್ ಮಾಡಿ ತೋರಿಸುತ್ತದೆ. ನಮ್ಮ ಕಣ್ಣು ಹತ್ತು ನಿಮಿಷ ನೀಲಿ ನೋಡಿದರೆ ನೀಲಿಯನ್ನೇ ಬಿಳಿ ಅಂದುಕೊಳ್ಳುತ್ತದೆ. ಪರೇಡ್ ಹಾಗೆ ಮೋಸ ಹೋಗುವುದಿಲ್ಲ. ನನ್ನ ಕ್ಲಿಪ್‌ನಲ್ಲಿ ನೀಲಿ, ಹಸಿರು ಎರಡೂ ಮೇಲೆ ಹಬ್ಬಿದ್ದವು. ಕೆಂಪು ಮಾತ್ರ ನೆಲಕ್ಕೆ ಅಂಟಿಕೊಂಡಿತ್ತು.

ಎರಡನೆಯದು ಚಾನೆಲ್ ಮಿಕ್ಸರ್ (ಚಾನೆಲ್ ಅಂದರೆ ಈ ಮೂರು ಬಣ್ಣಗಳಲ್ಲಿ ಒಂದೊಂದರ ಪಾಲು). ಇದೇ ಅಸಲು ವಿಷಯ, ಆದರೆ ಹೊಸಬರು ಇದನ್ನು ನೋಡುವುದೇ ಇಲ್ಲ. ಎಲ್ಲರೂ ವೈಟ್ ಬ್ಯಾಲೆನ್ಸ್ ಡ್ರಾಪರ್ (ಬಿಳಿ ಯಾವುದು ಅಂತ ತೋರಿಸಿಕೊಡುವ ಸಾಧನ) ತಗೊಂಡು ಬಿಳಿ ಮೇಲೆ ಒತ್ತುತ್ತಾರೆ. ವೈಟ್ ಬ್ಯಾಲೆನ್ಸ್ ಮಾಡುವುದು ಇರುವ ಕೆಂಪನ್ನು ಹಿಗ್ಗಿಸುವ ಕೆಲಸ. ಕೆಂಪೇ ಇಲ್ಲದಿದ್ದರೆ ಹಿಗ್ಗುವುದು ಬರೀ ಕಾಳುಕಾಳಾದ ನಾಯ್ಸ್. ಮಿಕ್ಸರ್ ಹಾಗಲ್ಲ. ಹಸಿರು ಚಾನೆಲ್‌ನಲ್ಲಿರುವ ಚಿತ್ರವನ್ನೇ ಸ್ವಲ್ಪ ತಂದು ಕೆಂಪಿಗೆ ಹಾಕುತ್ತದೆ. ಮನೆಯಲ್ಲಿ ಹೆಪ್ಪು ಇಲ್ಲದಾಗ ಪಕ್ಕದ ಮನೆಯಿಂದ ತರುತ್ತೇವಲ್ಲ, ಹಾಗೆ. ಹೆಪ್ಪಿನ ಹಾಗೆಯೇ ಇದೂ ಸ್ವಲ್ಪ ಇದ್ದರೆ ಸಾಕು. ಜಾಸ್ತಿ ಹಾಕಿದರೆ ಕೆಂಪು, ಹಸಿರು ಎರಡೂ ಒಂದೇ ಚಿತ್ರ ಆಗಿಬಿಡುತ್ತವೆ. ಆಗ ಪಾಚಿಗೂ ಮೀನಿಗೂ ವ್ಯತ್ಯಾಸ ಉಳಿಯುವುದಿಲ್ಲ. ನಾನು ಮೊದಲು ಮಿಕ್ಸರ್, ಆಮೇಲೆ ವೈಟ್ ಬ್ಯಾಲೆನ್ಸ್, ಕೊನೆಗೆ ಕಾಂಟ್ರಾಸ್ಟ್ ಮಾಡುತ್ತೇನೆ. ಈ ಕ್ರಮ ತಪ್ಪಿದರೆ ಎರಡೆರಡು ಸಲ ಕೆಲಸ.

ಮೂರನೆಯದು ಕೀಫ್ರೇಮ್, ಅಂದರೆ ವಿಡಿಯೋದ ಬೇರೆ ಬೇರೆ ಕ್ಷಣಕ್ಕೆ ಬೇರೆ ಬೇರೆ ತಿದ್ದುವಿಕೆ ಗುರುತು ಹಾಕುವ ಸೌಲಭ್ಯ. ಇಳಿಯುತ್ತಾ ತೆಗೆದ ಶಾಟ್‌ನಲ್ಲಿ ಬಣ್ಣ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ತಿದ್ದುವಿಕೆಯೂ ಅದರ ಜೊತೆ ಬದಲಾಗಬೇಕು. ಇನ್ನು ವಿಡಿಯೋ ಮೇಲೆ ಸಾಫ್ಟ್‌ವೇರ್ ಕಂಪನಿಯ ಲೋಗೋ ಬೀಳದೆ ಎಕ್ಸ್‌ಪೋರ್ಟ್ ಆಗುತ್ತದೆಯೇ ಅನ್ನುವುದನ್ನು ಮೊದಲ ದಿನವೇ ನೋಡಿ. ಮೂರು ದಿನ ಕೂತು ಕೆಲಸ ಮಾಡಿದ ಮೇಲೆ ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ಹೆಸರುಗಳು. ಗ್ರಾಫಿಕ್ಸ್ ಕಾರ್ಡ್ ಮತ್ತು 16 ಜಿಬಿ ರ್‍ಯಾಮ್ ಇದ್ದರೆ ಕಣ್ಣು ಮುಚ್ಚಿ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಹಾಕಿಕೊಳ್ಳಿ. ಪರೇಡ್, ಕೀಫ್ರೇಮ್, ಆರ್‌ಜಿಬಿ ಮಿಕ್ಸರ್ ಎಲ್ಲ ಇವೆ, ಲೋಗೋ ಬೀಳುವುದಿಲ್ಲ, 4ಕೆ ಅಲ್ಟ್ರಾ ಎಚ್‌ಡಿವರೆಗೂ ಎಕ್ಸ್‌ಪೋರ್ಟ್ ಆಗುತ್ತದೆ. ಕಲರ್ ಪೇಜ್‌ಗೆ ಹೋಗಿ ಮಿಕ್ಸರ್ ತೆರೆದು, ಕೆಂಪು ಔಟ್‌ಪುಟ್‌ನಲ್ಲಿರುವ ಹಸಿರು ಪಟ್ಟಿಯನ್ನು ನಿಧಾನಕ್ಕೆ ಮೇಲೆತ್ತಿ. ಪರೇಡ್‌ನಲ್ಲಿ ಕೆಂಪು ಎದ್ದು ಬರುವುದು ಕಾಣುತ್ತದೆ. ನಾಯ್ಸ್ ತೆಗೆಯುವ ಸೌಲಭ್ಯ ಮಾತ್ರ ಸ್ಟುಡಿಯೋ ಆವೃತ್ತಿಯಲ್ಲಿದೆ. ಅದು ನಾನು ನೋಡಿದಾಗ 295 ಡಾಲರ್ ಇತ್ತು, ಒಮ್ಮೆ ಕೊಟ್ಟರೆ ಸಾಕು. ವರ್ಷಕ್ಕೊಂದು ಸಲ ನೀರಿಗಿಳಿಯುವವರಿಗೆ ಅದು ಬೇಡ. ಆ ದುಡ್ಡಲ್ಲಿ ರ್‍ಯಾಮ್ ಮತ್ತು ಒಂದು ನೀರೊಳಗಿನ ಟಾರ್ಚ್ ತಗೊಳ್ಳಿ. ಬೆಳಕು ಹತ್ತಿರದಿಂದ ಬಿದ್ದರೆ ಕೆಂಪು ಅಲ್ಲೇ ರೆಕಾರ್ಡ್ ಆಗುತ್ತದೆ.

ನನ್ನ ಹಳೆಯ 8 ಜಿಬಿ ಕಂಪ್ಯೂಟರ್‌ನಲ್ಲಿ ರಿಸಾಲ್ವ್ ತೆರೆಯುವಷ್ಟರಲ್ಲಿ ಒಂದು ಚಹಾ ಮುಗಿಯುತ್ತದೆ, ಕೆಲವೊಮ್ಮೆ ಕರೆಂಟೂ ಹೋಗುತ್ತದೆ. ಅಂಥವರಿಗೆ ಕೆಡೆನ್‌ಲೈವ್. ಪೂರ್ತಿ ಉಚಿತ, ಓಪನ್ ಸೋರ್ಸ್. ಪರೇಡ್ ಇದೆ, ಚಾನೆಲ್ ಮಿಕ್ಸರ್ ಎಫೆಕ್ಟೂ ಇದೆ. ಪ್ರಾಕ್ಸಿ ಆನ್ ಮಾಡಿಕೊಂಡರೆ ಭಾರದ ಫೈಲ್ ಕೂಡ ಹಗುರ ಕಾಪಿಯಲ್ಲಿ ಓಡುತ್ತದೆ. ಶಾಟ್‌ಕಟ್ ಇನ್ನೂ ಸರಳ. ಅದರಲ್ಲಿ ವೈಟ್ ಬ್ಯಾಲೆನ್ಸ್ ಮತ್ತು ಕಲರ್ ಗ್ರೇಡಿಂಗ್ ಎರಡೇ ಫಿಲ್ಟರ್‌ನಲ್ಲಿ ನಾನು ಮೇಲ್ನೀರಿನ ಶಾಟ್ ಮುಗಿಸುತ್ತೇನೆ. ಆಳದ ಶಾಟ್‌ಗೆ ಅದನ್ನು ನಂಬಿಕೊಳ್ಳುವುದಿಲ್ಲ. ತಿಂಗಳ ಬಾಡಿಗೆಯ ದೊಡ್ಡ ಸಾಫ್ಟ್‌ವೇರ್‌ಗಳು ಒಳ್ಳೆಯವೇ. ಆದರೆ ಈ ಒಂದು ಕೆಲಸಕ್ಕೆ ಅವು ಸುಮ್ನೆ ಖರ್ಚು.

ಸಮುದ್ರಕ್ಕೇ ಹೋಗಬೇಕು ಅಂತಿಲ್ಲ. ಈ ಬೇಸಿಗೆಯಲ್ಲಿ ಕುಷ್ಟಗಿ ಕಡೆ ಅಕ್ಕನ ಹೊಲದ ಬಾವಿಯಲ್ಲಿ ಅಳಿಯ ಈಜು ಕಲಿತ. ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಮಾವ ಮೇಲೆ ಹಿಡಿದು ನಿಂತಿದ್ದರು. ನಾನು ಕ್ಯಾಮೆರಾ ಮುಳುಗಿಸಿ ಶೂಟ್ ಮಾಡಿದೆ. ಬಾವಿಯ ಲೆಕ್ಕವೇ ಬೇರೆ. ಪಾಚಿ ಇರುವ ನೀರು ಕೆಂಪಿನ ಜೊತೆ ನೀಲಿಯನ್ನೂ ತಿನ್ನುತ್ತದೆ, ಉಳಿಯುವುದು ಹಸಿರೊಂದೇ. ಹಾಗಾಗಿ ಹಸಿರನ್ನು ಕೆಂಪಿಗೂ ನೀಲಿಗೂ ಎರಡು ಕಡೆ ಹಂಚಬೇಕು. ಬಿಳಿಗೆ ಅಳಿಯನ ಬನಿಯನ್ ಇತ್ತು. ಪರೇಡ್‌ನಲ್ಲಿ ಬನಿಯನ್ ಇರುವ ಜಾಗದಲ್ಲಿ ಮೂರೂ ಚಾನೆಲ್ ಒಂದೇ ಎತ್ತರಕ್ಕೆ ಬರುವವರೆಗೆ ಎಳೆದೆ. ನನಗಂತೂ ಬಹಳ ಖುಷಿ ಆಯಿತು.

ಕೊಡುವ ಮುಂಚೆ ಒಂದು ಸಲ ಮನೆಯವರ ಸಾದಾ ಫೋನ್‌ನಲ್ಲಿ ಹಾಕಿ ನೋಡಿ. ನಾನು ಅಕ್ಕನಿಗೆ ತೋರಿಸಿದೆ. ಆಕೆ ಒಂದು ನಿಮಿಷ ನೋಡಿ, "ಇದು ಯಾರ ಬಾವಿ? ನಮ್ಮ ಬಾವಿ ನೀರು ಹಸಿರು ಇರ್ತದಲ್ಲೋ" ಅಂದಳು. ವಾಪಸ್ ಬಂದು ತಿದ್ದಿದ್ದನ್ನು ಅರ್ಧಕ್ಕೆ ಇಳಿಸಿದೆ.